ಮುದ್ದೇನಹಳ್ಳಿಯ ಸರ್ ಎಂ.ವಿ. ಮನೆ: ಮಕ್ಕಳಿಗೆ ಏನು ತೋರಿಸಬೇಕು, ಏನು ಮಾಡಿಸಬೇಕು

ನಂದಿ ಬೆಟ್ಟಕ್ಕೆ ಹೊರಟ ಶಾಲಾ ಪ್ರವಾಸದ ಬಸ್ಸು ಮುದ್ದೇನಹಳ್ಳಿಯಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ, ಕಂಡ ಬರಹವನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ಸಾಲಾಗಿ ಹೊರಗೆ ಬರುತ್ತಾರೆ. ಹಾಗೆ ನೋಡಿದರೆ ಈ ಜಾಗಕ್ಕೆ ಐದಕ್ಕೆ ಎರಡು ಅಂಕ. ಎರಡು ಗಂಟೆ ಇಟ್ಟುಕೊಂಡು, ನಾಲ್ಕೈದು ವಸ್ತುಗಳನ್ನು ಮಾತ್ರ ಚೆನ್ನಾಗಿ ನೋಡಿಸಿ, ಹಿಂದೆ ಮುಂದೆ ಕೈಕೆಲಸ ಮಾಡಿಸಿದರೆ ಐದಕ್ಕೆ ಐದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಮಕ್ಕಳಿಗೆ ನೀರಿನ ವಿಚಾರ ಪಾಠದಲ್ಲಿ ಬರುವುದಕ್ಕೆ ಮೊದಲೇ ಮನೆಯ ಕೊಳಾಯಿಯಲ್ಲಿ ಗೊತ್ತಾಗಿರುತ್ತದೆ. ಅಂಥ ಮಕ್ಕಳು ಒಬ್ಬ ನೀರಾವರಿ ಎಂಜಿನಿಯರ್ ಹುಟ್ಟಿದ ಮನೆಯೊಳಗೆ ನಿಂತಾಗ ಇಸವಿ ಬರೆದುಕೊಳ್ಳಲು ಹೇಳುವುದು ದೊಡ್ಡ ನಷ್ಟ.

ಜಾಗ ಚಿಕ್ಕಬಳ್ಳಾಪುರ ಪೇಟೆಯಿಂದ ಸುಮಾರು 7 ಕಿ.ಮೀ. ತುಮಕೂರಿನಿಂದ ಬರುವವರಿಗೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿ ಅನುಕೂಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಳ್ಳಲಾಗಿದೆ. ಪಕ್ಕದಲ್ಲೇ ವಿಶ್ವೇಶ್ವರಯ್ಯ ರಾಷ್ಟ್ರೀಯ ಸ್ಮಾರಕ ಟ್ರಸ್ಟಿನ ಸ್ಮಾರಕವಿದೆ. ಅವರ ಕನ್ನಡಕ, ಬಟ್ಟಲುಗಳು, ಗಡಿಯಾರ, ಬಿರುದು ಮತ್ತು ಪ್ರಶಸ್ತಿಗಳು, ವಿಸಿಟಿಂಗ್ ಕಾರ್ಡ್ ಮುದ್ರಿಸಲು ಬಳಸುತ್ತಿದ್ದ ಅಚ್ಚಿನ ಬ್ಲಾಕು, ಕೆ.ಆರ್.ಎಸ್. ಸೇರಿದಂತೆ ಅಣೆಕಟ್ಟುಗಳ ಮಾದರಿಗಳು ಅಲ್ಲಿವೆ. ಸಮಾಧಿಯೂ ಇದೇ ಊರಿನಲ್ಲಿದೆ. ಊರಿನವರಿಗೆ ಈ ಮನೆ ಗುಡಿಗೆ ಸಮಾನ. ಇದನ್ನು ಬಸ್ಸಿನಲ್ಲೇ ಮಕ್ಕಳಿಗೆ ಹೇಳಿಟ್ಟರೆ ಒಳಗೆ ಗದರಿಸುವ ಪ್ರಮೇಯ ಬರುವುದಿಲ್ಲ. ಫೋಟೊ ತೆಗೆಯುವ ಮೊದಲು ಅಲ್ಲಿರುವವರನ್ನು ಕೇಳಬೇಕು.

ಒಂದರಿಂದ ಮೂರನೇ ತರಗತಿಯವರಿಗೆ ಇದು ಅಷ್ಟಾಗಿ ಹಿಡಿಸುವ ಜಾಗವಲ್ಲ. ಗಾಜಿನ ಹಿಂದಿನ ವಸ್ತುಗಳನ್ನು ಮುಟ್ಟುವಂತಿಲ್ಲ, ಓಡುವಂತಿಲ್ಲ. ಐದನೇ ತರಗತಿಯಿಂದ ಮೇಲಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಒಂದು ಸಲಕ್ಕೆ ಎಂಟು ಹತ್ತು ಮಕ್ಕಳು ಮಾತ್ರ ಒಳಗೆ ಹೋಗಲಿ, ಉಳಿದವರಿಗೆ ಹೊರಗೆ ಬೇರೆ ಕೆಲಸವಿರಲಿ. ನಲವತ್ತು ಮಂದಿ ಒಟ್ಟಿಗೆ ನುಗ್ಗಿದರೆ ಹಿಂದಿನ ಮೂವತ್ತು ಮಕ್ಕಳಿಗೆ ಮುಂದಿನವರ ಬೆನ್ನಷ್ಟೇ ಕಾಣುತ್ತದೆ. ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ, ಮಕ್ಕಳನ್ನು ಕರೆತರಲು ಒಳ್ಳೆಯ ದಿನವೆಂದು ತೋರಬಹುದು. ಆದರೆ ಅದು ಹಾರ ತುರಾಯಿ, ಭಾಷಣಗಳ ದಿನ. ನಿಂತು ನೋಡಬೇಕೆಂದರೆ ಮಾಮೂಲಿ ದಿನದ ಬೆಳಗಿನ ಹೊತ್ತೇ ಸರಿ.

ಪ್ರಶ್ನೆಪತ್ರಿಕೆ ಒಂದೇ ಹಾಳೆ ಇರಲಿ, ಅದರಲ್ಲಿ ಮೂರೇ ಪ್ರಶ್ನೆಗಳು ಸಾಕು. ಪೆನ್ನಿಗಿಂತ ಪೆನ್ಸಿಲ್ ವಾಸಿ, ಒತ್ತಿಗೆ ಒಂದು ರಟ್ಟು ಬೇಕು. ‘ಎಲ್ಲಿ ಹುಟ್ಟಿದರು, ತಂದೆ ತಾಯಿಯ ಹೆಸರೇನು’ ಎಂಬಂಥವು ಬೇಡ, ಅವು ಪುಸ್ತಕದಲ್ಲೇ ಇವೆ. ನೋಡಿದರೆ ಮಾತ್ರ ಉತ್ತರ ಸಿಗುವಂಥದ್ದನ್ನು ಕೇಳಬೇಕು: ಈ ವಸ್ತುಗಳಲ್ಲಿ ಯಾವುದು ದಿನವೂ ಕೈಗೆ ಬರುತ್ತಿತ್ತು, ಯಾವುದು ವರ್ಷಕ್ಕೊಮ್ಮೆ? ಯಾವುದರಿಂದ ಹಾಗೆ ಹೇಳುತ್ತೀಯ? ಇನ್ನೊಂದು ಒಳ್ಳೆಯ ಚಟುವಟಿಕೆಗೆ ಖರ್ಚೇ ಇಲ್ಲ. ಕನ್ನಡಕವನ್ನೋ ಗಡಿಯಾರವನ್ನೋ ಎರಡು ನಿಮಿಷ ಸುಮ್ಮನೆ ನೋಡಿಸಿ, ಹೊರಗೆ ಕರೆತಂದು ನೆನಪಿನಿಂದ ಬರೆಸಿ, ಆಮೇಲೆ ಮತ್ತೆ ಒಳಗೆ ಕಳಿಸಿ. ಎರಡನೇ ಸಲ ಹೋದಾಗ ಮಕ್ಕಳು ನೋಡುವ ರೀತಿಯೇ ಬದಲಾಗಿರುತ್ತದೆ.

ಇಡೀ ಸ್ಮಾರಕದಲ್ಲಿ ಮಕ್ಕಳ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ವಸ್ತು ಆ ವಿಸಿಟಿಂಗ್ ಕಾರ್ಡಿನ ಬ್ಲಾಕು. ಹೆಚ್ಚಿನವರು ಅದನ್ನು ದಾಟಿ ಪ್ರಶಸ್ತಿಗಳ ಮುಂದೆ ಹೋಗಿ ನಿಲ್ಲುತ್ತಾರೆ. ಅಚ್ಚಿನಲ್ಲಿ ಅಕ್ಷರ ಏಕೆ ತಿರುಗಿಕೊಂಡಿರುತ್ತದೆ ಎಂಬ ಪ್ರಶ್ನೆಯನ್ನು ಅಲ್ಲೇ ಕೇಳಿ, ಉತ್ತರ ಹೇಳದೆ ಬಿಟ್ಟುಬಿಡಿ. ಮರುದಿನ ತರಗತಿಯಲ್ಲಿ ಪ್ರತಿ ಮಗುವೂ ತನ್ನ ಹೆಸರಿನ ಅಚ್ಚು ಮಾಡಲಿ. ಅರ್ಧ ಆಲೂಗೆಡ್ಡೆ ಸಾಕು, ಅದಕ್ಕಿಂತ ಚೆನ್ನಾಗಿ ಬರುವುದು ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರಿನಲ್ಲಿ. ತೆಳು ಕಾಗದದ ಮೇಲೆ ಗಾಢವಾದ ಪೆನ್ಸಿಲಿನಲ್ಲಿ ಹೆಸರು ಬರೆಯಬೇಕು. ಬರೆದ ಮುಖವನ್ನು ರಬ್ಬರಿನ ಮೇಲೆ ಕವುಚಿ ಹಾಕಿ ಹಿಂದಿನಿಂದ ಉಗುರಿನಲ್ಲಿ ತಿಕ್ಕಿದರೆ ಅಕ್ಷರ ತಾನೇ ತಿರುಗಿ ಇಳಿಯುತ್ತದೆ. ಗೆರೆಯ ಸುತ್ತಲಿನ ಭಾಗವನ್ನು 2 ಮಿ.ಮೀ. ಆಳಕ್ಕೆ ಕೆತ್ತಿ ತೆಗೆದು, ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಒತ್ತುವುದು.

ತಪ್ಪುವ ಜಾಗಗಳು ಗೊತ್ತಿರುವಂಥವೇ. ತಿರುಗಿಸದೆ ನೇರವಾಗಿ ಕೆತ್ತಿದವರ ಹೆಸರು ಮುದ್ರಣದಲ್ಲಿ ಉಲ್ಟಾ ಬರುತ್ತದೆ. ಅದನ್ನು ಮೊದಲೇ ತಡೆಯಬೇಡಿ, ಪಾಠ ಇರುವುದೇ ಅಲ್ಲಿ. ಠ, ರ ಅಕ್ಷರಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಅವು ತಿರುಗಿದ್ದು ಕಾಣುವುದಿಲ್ಲ. ನ, ಮ ಬಂದ ಕೂಡಲೇ ಗೊತ್ತಾಗುತ್ತದೆ. ದ ಮತ್ತು ಧ, ಪ ಮತ್ತು ಫ ನಡುವಿನ ಸೀಳು ಕೆತ್ತುವಾಗ ಮುಚ್ಚಿಹೋಗಿ ಧನುಷ್ ದನುಷ್ ಆಗುತ್ತಾನೆ. ಒತ್ತಕ್ಷರ ಒಂದು ಸೆಂ.ಮೀ.ಗಿಂತ ಚಿಕ್ಕದಾದರೆ ಮಸಿ ತುಂಬಿಕೊಂಡು ಬರಿ ಚುಕ್ಕೆಯಾಗುತ್ತದೆ. ಹಾಗಾಗಿ ಚಿಕ್ಕವರಿಗೆ ಹೆಸರಿನ ಮೊದಲ ಅಕ್ಷರ ಮಾತ್ರ ಸಾಕು. ಆಲೂಗೆಡ್ಡೆಯಾದರೆ ಕತ್ತರಿಸಿದ ಮುಖವನ್ನು ಬಟ್ಟೆಯಲ್ಲಿ ಒತ್ತಿ ಹತ್ತು ನಿಮಿಷ ಆರಲು ಬಿಡಬೇಕು. ಹಸಿ ಇದ್ದಾಗಲೇ ಒತ್ತಿದರೆ ಮಸಿ ಹರಡುತ್ತದೆ. ಬ್ಲೇಡು ಮಕ್ಕಳ ಕೈಗೆ ಬೇಡ. ಏಳನೇ ತರಗತಿಯವರೆಗೆ ಮುರಿದ ರೀಫಿಲ್ಲು ಅಥವಾ ಐಸ್‌ಕ್ರೀಂ ಕಡ್ಡಿಯ ಮೊನೆಯಿಂದ ಆಲೂಗೆಡ್ಡೆ ಕೆತ್ತುವುದೇ ಸರಿ.

ಇನ್ನು ಅಣೆಕಟ್ಟಿನ ಮಾದರಿಗಳು. ಇವುಗಳ ಮುಂದೆ ನಿಂತಾಗ ಮಕ್ಕಳ ಗಮನ ಮೊದಲು ಹೋಗಬೇಕಾದದ್ದು ಗೋಡೆಯ ದಪ್ಪಕ್ಕೆ. ಕಲ್ಲಿನ ಅಣೆಕಟ್ಟಿನ ಗೋಡೆ ತಳದಲ್ಲಿ ಅಗಲ, ಮೇಲೆ ಸಣ್ಣ. ಇದಕ್ಕೆ ಹೊಂದುವ ಪ್ರಯೋಗ ಎಲ್ಲ ಶಾಲೆಯಲ್ಲೂ ಇದೆ: ಬಾಟಲಿಗೆ ಮೂರು ತೂತು, ಕೆಳಗಿನ ತೂತಿನ ನೀರು ದೂರ ಚಿಮ್ಮುತ್ತದೆ. ಆದರೆ ಬಾಟಲಿಯನ್ನು ನೆಲದ ಮೇಲೆ ಇಟ್ಟು ಮಾಡಿದರೆ ಹಾಗಾಗುವುದಿಲ್ಲ! 20 ಸೆಂ.ಮೀ. ನೀರು ತುಂಬಿ, ತಳದಿಂದ 5, 10, 15 ಸೆಂ.ಮೀ. ಎತ್ತರಕ್ಕೆ ತೂತು ಮಾಡಿದರೆ ನಡುವಿನದೇ ಎಲ್ಲಕ್ಕಿಂತ ದೂರ ಬೀಳುತ್ತದೆ, ಮೇಲಿನದೂ ಕೆಳಗಿನದೂ ಸರಿಸುಮಾರು ಒಂದೇ ಕಡೆ ಬೀಳುತ್ತವೆ. ಕೆಳಗಿನ ತೂತಿನಿಂದ ನೀರು ಹೆಚ್ಚು ಜೋರಾಗಿ ಬರುವುದು ನಿಜ, ಆದರೆ ದೂರ ಹೋಗುವಷ್ಟರಲ್ಲಿ ನೆಲ ಮುಟ್ಟಿರುತ್ತದೆ. ಬಾಟಲಿಯನ್ನು 60 ಸೆಂ.ಮೀ. ಎತ್ತರದ ಜಗುಲಿಯ ಅಂಚಿನಲ್ಲಿಟ್ಟರೆ ಕೆಳಗಿನ ಧಾರೆ ಗೆಲ್ಲುತ್ತದೆ. ಎರಡನ್ನೂ ಮಾಡಿಸಿ. ಎಷ್ಟೋ ತರಗತಿಗಳಲ್ಲಿ ಪ್ರಯೋಗ ‘ಕೈಕೊಟ್ಟಿತು’ ಎಂದು ಬಿಟ್ಟುಬಿಡುವುದು ಈ ಕಾರಣ ತಿಳಿಯದೆ. ಕಾದ ದಬ್ಬಳದಿಂದ ತೂತು ಮಾಡುವುದು ದೊಡ್ಡವರ ಕೆಲಸ. ಮೂರೂ ತೂತು ಒಂದೇ ಗಾತ್ರ ಇರಬೇಕು, ಒಂದೇ ನೇರದಲ್ಲಿ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಧಾರೆಗಳು ಒಂದಕ್ಕೊಂದು ತಾಗುವುದಿಲ್ಲ.

ಕೆ.ಆರ್.ಎಸ್. ಗಾತ್ರ ಮಕ್ಕಳಿಗೆ ಅಂಕಿಯಲ್ಲಿ ಹತ್ತುವುದಿಲ್ಲ. ಉದ್ದ 2,621 ಮೀಟರ್, ಎತ್ತರ ಸುಮಾರು 40 ಮೀಟರ್. ನೂರಕ್ಕೆ ಒಂದರಂತೆ ಇಳಿಸಿದರೆ 26 ಮೀಟರ್ 21 ಸೆಂ.ಮೀ. ಹಗ್ಗ, 40 ಸೆಂ.ಮೀ. ಕೋಲು. ಹೊರಗೆ ಕಾಯುವ ಗುಂಪಿಗೆ ಈ ಕೆಲಸ ಕೊಡಿ. ಹಗ್ಗ ಎಳೆದು ಕೋಲು ನಿಲ್ಲಿಸಿದಾಗ, ಅಣೆಕಟ್ಟು ಎಂದರೆ ಎತ್ತರದ ಗೋಡೆ ಎಂದುಕೊಂಡಿದ್ದ ಮಕ್ಕಳಿಗೆ ಅದು ಎಷ್ಟು ಉದ್ದವೆಂದು ಕಣ್ಣಿಗೆ ಕಾಣುತ್ತದೆ. ಗಾರೆಗೆ ಸುಣ್ಣದ ಜೊತೆ ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಬಳಸಿದ್ದನ್ನು ಹೇಳಿ, ಇಟ್ಟಿಗೆ ಚೂರನ್ನು ಕುಟ್ಟಿ ಜರಡಿ ಹಿಡಿದು ತೋರಿಸಬಹುದು. ಸುಣ್ಣ ಮಾತ್ರ ಮಕ್ಕಳ ಕೈಗೆ ಖಂಡಿತ ಬೇಡ. ಸುಡುಸುಣ್ಣಕ್ಕೆ ನೀರು ತಾಗಿದರೆ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ಎಂಟರಿಂದ ಹತ್ತನೇ ತರಗತಿಯವರಿಗೆ ಕಷ್ಟದ, ಆದರೆ ಮಾಡಲೇಬೇಕಾದ ಕೆಲಸವೊಂದಿದೆ. ವಿಶ್ವೇಶ್ವರಯ್ಯನವರು ರೂಪಿಸಿದ ಅಣೆಕಟ್ಟಿನ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೊದಲು ಕೂತವು, ಅವರು ಅದಕ್ಕೆ ಪೇಟೆಂಟ್ ಪಡೆದಿದ್ದರು. ಆಮೇಲೆ ಗ್ವಾಲಿಯರ್‌ನ ತಿಗ್ರಾದಲ್ಲಿ, ಕೆ.ಆರ್.ಎಸ್.ನಲ್ಲಿ ಬಂದವು. ನೀರು ಗುರುತಿನ ಮಟ್ಟ ಮುಟ್ಟಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚುವುದು ಅವುಗಳ ಗುಣ. ಅದರ ನಕಲನ್ನಲ್ಲ, ಅದರ ಹಿಂದಿನ ತತ್ವವನ್ನು ತರಗತಿಯಲ್ಲಿ ಕಟ್ಟಬಹುದು. 5 ಲೀಟರಿನ ಪ್ಲಾಸ್ಟಿಕ್ ಡಬ್ಬ, ಅಕ್ವೇರಿಯಂ ಅಂಗಡಿಯ ಮೆತ್ತನೆಯ ಗಾಳಿ ಪೈಪು ಒಂದು ಮೀಟರ್, ಒಂದು ಸ್ಟ್ರಾ, ಕಾಗದದ ಟೀ ಕಪ್ಪು, 30 ಸೆಂ.ಮೀ. ಸ್ಕೇಲು, ದಾರ, ಸಣ್ಣ ಕಲ್ಲುಗಳು, ಇಷ್ಟೇ ಸಾಮಾನು.

ಡಬ್ಬದ ತಳದ ಹತ್ತಿರ ಪೈಪಿಗಿಂತ ತುಸು ಚಿಕ್ಕ ತೂತು ಮಾಡಿ ಪೈಪನ್ನು ಬಿಗಿಯಾಗಿ ತೂರಿಸಿ. ಬಾಯಿಯಿಂದ 4 ಸೆಂ.ಮೀ. ಕೆಳಗೆ ಸ್ಟ್ರಾ ಹೊರಕ್ಕೆ ಇಳಿಜಾರಾಗಿರಲಿ, ಅದೇ ಡಬ್ಬದ ‘ಪೂರ್ಣ ಮಟ್ಟ’. ಸ್ಕೇಲನ್ನು ನಡುವಿಗೆ ದಾರ ಕಟ್ಟಿ ತಕ್ಕಡಿಯಂತೆ ತೂಗುಹಾಕಿ. ಒಂದು ತುದಿಯಿಂದ ಕಪ್ಪು ಸ್ಟ್ರಾದ ಧಾರೆ ಬೀಳುವ ಜಾಗದಲ್ಲಿ ಕೆಳಗೆ ನೇತಾಡಲಿ, ಅದೇ ತುದಿಗೆ ಪೈಪಿನ ಬಾಯಿಯನ್ನು ಪೂರ್ಣ ಮಟ್ಟಕ್ಕಿಂತ 2 ಸೆಂ.ಮೀ. ಮೇಲೆ ಇರುವಂತೆ ಕಟ್ಟಿ. ಇನ್ನೊಂದು ತುದಿಗೆ ಕಲ್ಲುಗಳ ಪೊಟ್ಟಣ. ಕಪ್ಪು ಖಾಲಿ ಇದ್ದಾಗ ಕಲ್ಲಿನ ಕಡೆ ತಗ್ಗಬೇಕು, ಅರ್ಧ ತುಂಬಿದಾಗ ಕಪ್ಪಿನ ಕಡೆ ತಗ್ಗಬೇಕು. ಕಪ್ಪಿನ ತಳಕ್ಕೆ ಒಂದು ಸೂಜಿತೂತು ಹಾಕಿ. ಈಗ ಡಬ್ಬಕ್ಕೆ ಸಣ್ಣ ಧಾರೆಯಲ್ಲಿ ನೀರು ಬಿಟ್ಟರೆ, ಮಟ್ಟ ಸ್ಟ್ರಾ ಮುಟ್ಟಿದಾಗ ಕಪ್ಪು ತುಂಬಿ ಇಳಿಯುತ್ತದೆ, ಜೊತೆಗೆ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಕೆಳಗೆ ಬಂದು ಹರಿಯತೊಡಗುತ್ತದೆ. ಮಟ್ಟ ಇಳಿದು ಸ್ಟ್ರಾ ನಿಂತ ಮೇಲೆ ಕಪ್ಪು ಸೂಜಿತೂತಿನಿಂದ ಬರಿದಾಗಿ ಮೇಲೇಳುತ್ತದೆ, ಹರಿವು ನಿಲ್ಲುತ್ತದೆ.

ಮೊದಲ ಸಲಕ್ಕೆ ಇದು ನಡೆಯುವುದು ಕಡಿಮೆ. ಸೂಜಿತೂತು ದೊಡ್ಡದಾದರೆ ಕಪ್ಪು ತುಂಬುವುದೇ ಇಲ್ಲ, ತೀರ ಚಿಕ್ಕದಾದರೆ ಬರಿದಾಗುವುದಿಲ್ಲ. ಗಟ್ಟಿ ಪೈಪು ಹಾಕಿದರೆ ಅದರ ಬಿಗಿಗೆ ಸ್ಕೇಲು ಅಲ್ಲಾಡುವುದಿಲ್ಲ. ಪೈಪಿನಲ್ಲಿ ಗಾಳಿ ಗುಳ್ಳೆ ಉಳಿದರೆ ನೀರು ತಡವರಿಸುತ್ತದೆ, ಮೊದಲು ಬಾಯಿ ತಗ್ಗಿಸಿ ಒಂದಿಷ್ಟು ನೀರು ಹರಿಸಿಬಿಡಬೇಕು. ಪೈಪಿನ ಬಾಯಿ ಕಪ್ಪಿನ ಕಡೆಗೇ ತಿರುಗಿದ್ದರೆ ಅದರ ನೀರೇ ಕಪ್ಪಿಗೆ ಬಿದ್ದು ಬಾಗಿಲು ಮುಚ್ಚುವುದೇ ಇಲ್ಲ. ಎರಡು ಪೀರಿಯಡ್ ಬೇಕಾಗುತ್ತದೆ, ಒಂದರಲ್ಲಿ ಮುಗಿಸಲು ಹೋಗಬೇಡಿ. ತುಮಕೂರಿನ ಕಡೆಯವರಿಗೆ ಹೇಳಲು ಇನ್ನೊಂದಿದೆ: ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಹೆಚ್ಚುವರಿ ನೀರು ಸೈಫನ್ನುಗಳಿಂದ, ಅಂದರೆ ನೀರನ್ನು ಮೇಲೆಳೆದು ಆಚೆ ಕೆಳಕ್ಕೆ ಇಳಿಸುವ ಬಾಗಿದ ಕೊಳವೆಗಳಿಂದ, ತಾನೇ ಹೊರಬೀಳುತ್ತದೆ. ಎರಡು ಉಪಾಯಗಳನ್ನೂ ಪಕ್ಕಪಕ್ಕ ಇಟ್ಟು ಮಾತಾಡಿಸಬಹುದು.

ಇಸವಿಗಳನ್ನು ಕಲಿಸಲೇಬೇಕೆಂದಿದ್ದರೆ ದಾರದ ಮೇಲೆ ಕಲಿಸಿ. ವರ್ಷಕ್ಕೆ 10 ಸೆಂ.ಮೀ. ಎಂದು ಹಿಡಿದು 10 ಮೀಟರ್ ದಾರ, ಬಟ್ಟೆ ಕ್ಲಿಪ್ಪಿನಲ್ಲಿ ಚೀಟಿಗಳು: 1884 ಮುಂಬಯಿ ಲೋಕೋಪಯೋಗಿ ಇಲಾಖೆಯ ಕೆಲಸ, 1903 ಖಡಕ್‌ವಾಸ್ಲಾ, 1909 ಮೈಸೂರಿನ ಮುಖ್ಯ ಎಂಜಿನಿಯರ್, 1911 ಕೆ.ಆರ್.ಎಸ್. ಕೆಲಸದ ಆರಂಭ, 1912 ದಿವಾನಗಿರಿ, 1913 ಮೈಸೂರು ಬ್ಯಾಂಕು, 1915 ಕನ್ನಡ ಸಾಹಿತ್ಯ ಪರಿಷತ್ತು, 1916 ಮೈಸೂರು ವಿಶ್ವವಿದ್ಯಾಲಯ, 1918 ದಿವಾನಗಿರಿ ಬಿಟ್ಟದ್ದು, 1955 ಭಾರತರತ್ನ. 1909ರಿಂದ 1918ರವರೆಗಿನ 90 ಸೆಂ.ಮೀ.ನಲ್ಲಿ ಚೀಟಿಗಳು ಒಂದರ ಮೇಲೊಂದು ಬೀಳುತ್ತವೆ, ಆಮೇಲೆ ದಾರ ಮೀಟರುಗಟ್ಟಲೆ ಖಾಲಿ. ಆ ಖಾಲಿ ಜಾಗದಲ್ಲಿ ಏನು ನಡೆಯಿತು ಎಂದು ಹುಡುಕುವುದು ದೊಡ್ಡ ತರಗತಿಯವರ ಕೆಲಸ.

ದಾರದ ಶುರುವಿಗೆ ಹುಟ್ಟಿದ ಇಸವಿಯ ಚೀಟಿ ಹಾಕಲು ಹೋದರೆ ತಕರಾರು ಬರುತ್ತದೆ, ಬರಲಿ. ಬಹಳ ಪುಸ್ತಕಗಳಲ್ಲಿ ಹುಟ್ಟಿದ್ದು 1861ರ ಸೆಪ್ಟೆಂಬರ್ 15. ಆದರೆ ಅಂಚೆ ಇಲಾಖೆ ಅವರ ನೂರು ವರ್ಷದ ಅಂಚೆಚೀಟಿ ತಂದದ್ದು 1960ರ ಸೆಪ್ಟೆಂಬರ್ 15ರಂದು. ಎರಡನ್ನೂ ಬೋರ್ಡಿನ ಮೇಲೆ ಬರೆದು, ಯಾವುದನ್ನು ನಂಬಬೇಕು, ಇನ್ನೇನು ದಾಖಲೆ ಸಿಕ್ಕರೆ ತೀರ್ಮಾನವಾಗುತ್ತದೆ ಎಂದು ಮಕ್ಕಳನ್ನೇ ಕೇಳಿ. ಸರ್ಕಾರದ ಮೇಣದ ಬತ್ತಿ ಆರಿಸಿ ಸ್ವಂತದ್ದು ಹಚ್ಚಿದ ಕಥೆ, ರೈಲಿನ ಸದ್ದಿನಲ್ಲೇ ಹಳಿ ಮುರಿದಿರುವುದನ್ನು ಕಂಡುಹಿಡಿದ ಕಥೆ, ಇವನ್ನು ಹೇಳುವಾಗ ‘ಜನ ಹೀಗೆ ಹೇಳಿಕೊಂಡು ಬಂದಿದ್ದಾರೆ’ ಎಂದು ಸೇರಿಸುವುದು ಮೇಷ್ಟ್ರ ಕರ್ತವ್ಯ.

ವಾಪಸ್ ಹೋಗುವಾಗ ಸಮಯ ಉಳಿದರೆ ಬೆಟ್ಟ ಹತ್ತುವ ಬದಲು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಗೆ ಹೋಗಿ. ಸುತ್ತಲೂ ಮೆಟ್ಟಿಲಿರುವುದರಿಂದ ನೀರು ಎಷ್ಟು ಇಳಿದಿದೆ ಎಂಬುದನ್ನು ಮೆಟ್ಟಿಲು ಎಣಿಸಿಯೇ ಹೇಳಬಹುದು. ಒಂದು ಮೆಟ್ಟಿಲಿನ ಎತ್ತರ ಸ್ಕೇಲಿನಲ್ಲಿ ಅಳೆದು ಗುಣಿಸಿದರೆ ಸೆಂ.ಮೀ. ಲೆಕ್ಕವೂ ಸಿಗುತ್ತದೆ. ಅಳೆಯುವವರು ಒಣಗಿದ ಮೆಟ್ಟಿಲಿನಲ್ಲೇ ಇರಬೇಕು, ನೀರಿನ ಅಂಚಿನ ಮೆಟ್ಟಿಲು ಪಾಚಿಯಿಂದ ಜಾರುತ್ತದೆ. ಬಸ್ಸು ಹೊರಟ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಎಲ್ಲವೂ ಇದೇ ಬೆಟ್ಟಸಾಲಿನಲ್ಲಿ ಹುಟ್ಟಿದರೂ ನಮ್ಮ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಚರಂಡಿ ನೀರು ಏಕೆ ಬರಬೇಕಾಯಿತು? ಹತ್ತನೇ ತರಗತಿಯವರು ಇದರ ಮೇಲೆ ದೊಡ್ಡಬಳ್ಳಾಪುರ ಬರುವವರೆಗೂ ಜಗಳವಾಡುತ್ತಾರೆ.