ಋತುವಿನ ಮೊದಲ ಪಟ್ಟೆ ಬಾಸ್: ಅಳಿವೆಯೋ, ಕಾಲುವೆಯೋ, ತೆರೆದ ಕಡಲೋ?

ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿ ಮತ್ತು ಹಡ್ಸನ್ ನದಿಯಲ್ಲಿ ಹುಟ್ಟಿ ಬೆಳೆದ ಪಟ್ಟೆ ಬಾಸ್ ಮೀನುಗಳು ವಸಂತದಲ್ಲಿ ಉತ್ತರಕ್ಕೆ ಹೊರಟು, ಸಾಮಾನ್ಯವಾಗಿ ಮೇ ತಿಂಗಳ ಆರಂಭದ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ದಕ್ಷಿಣ ಕರಾವಳಿಯನ್ನು ಮುಟ್ಟುತ್ತವೆ. ಕಳೆದ ಮೂರು ವಸಂತಗಳಲ್ಲಿ ನಾನು ದಡದಿಂದಲೇ ಮೂರು ಕಡೆ ಗಾಳ ಹಾಕಿ ನೋಡಿದ್ದೇನೆ: ಬಝರ್ಡ್ಸ್ ಬೇ ಎಂಬ ಕೊಲ್ಲಿಗೆ ಸೇರುವ ವೇರ್‌ಹ್ಯಾಮ್ ಬಳಿಯ ನದಿಮುಖಗಳು, ಕೇಪ್ ಕಾಡ್ ಕಾಲುವೆ ಮತ್ತು ಅಟ್ಲಾಂಟಿಕ್‌ಗೆ ಮುಖ ಮಾಡಿರುವ ಹೊರ ಕೇಪ್‌ನ (ಕೇಪ್ ಕಾಡ್ ಪರ್ಯಾಯದ್ವೀಪದ ಹೊರ ಅಂಚಿನ) ಮರಳ ದಂಡೆ. ಋತುವಿನ ಮೊದಲ ಎರಡು ವಾರಗಳ ಮಟ್ಟಿಗೆ ಅಳಿವೆಯೇ ಮೇಲು ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಇದಕ್ಕೆ ಕಾರಣ ನೀರಿನ ಬಿಸುಪು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ನೀರಿನಲ್ಲಿ ಈ ಮೀನು ಮಂಕಾಗಿರುತ್ತದೆ, ಎರೆಯನ್ನು ಅಟ್ಟಿಕೊಂಡು ಬರುವುದಿಲ್ಲ. ಅಳಿವೆಯ ಆಳವಿಲ್ಲದ ಕಪ್ಪು ಕೆಸರಿನ ಹರವು ಬಿಸಿಲನ್ನು ಬೇಗ ಹೀರಿಕೊಳ್ಳುವುದರಿಂದ, ನಡುಹಗಲಿನ ಉಬ್ಬರದಲ್ಲಿ ಅದರ ಮೇಲೆ ಹರಡಿ ಬೆಚ್ಚಗಾದ ನೀರು ಸಂಜೆಯ ಇಳಿತದಲ್ಲಿ ನದಿಮುಖದ ಕಿರಿದಾದ ದಾರಿಯಿಂದ ಹೊರಗೆ ಹರಿಯುತ್ತದೆ. ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಒಂದೇ ದಿನ ಎರಡೂ ಕಡೆ ಇಳಿಬಿಟ್ಟಾಗ, ಕಾಲುವೆಯಲ್ಲಿ 9 ಡಿಗ್ರಿ ಇದ್ದ ನೀರು ಇಲ್ಲಿ ಸಂಜೆ ನಾಲ್ಕಕ್ಕೆ 13 ಡಿಗ್ರಿ ತೋರಿಸಿತ್ತು. ಇದೇ ಹೊತ್ತಿನಲ್ಲಿ ಮೊಟ್ಟೆಯಿಡಲು ಸಿಹಿನೀರಿಗೆ ಏರುವ, ಬಾಸ್‌ಗೆ ಆಹಾರವಾದ ಹೆರ್ರಿಂಗ್ ಮೀನುಗಳೂ ಈ ದಾರಿಯಲ್ಲೇ ಸಾಗುತ್ತವೆ. (ಇಲ್ಲಿ 2006ರಿಂದ ನದಿ ಹೆರ್ರಿಂಗ್ ಹಿಡಿಯುವುದೇ ನಿಷಿದ್ಧ, ಆದ್ದರಿಂದ ಅದನ್ನು ಎರೆಯಾಗಿ ಬಳಸುವ ಮಾತೇ ಇಲ್ಲ.)

ಆ ಸಂಜೆ ಇಳಿತದ ಎರಡನೆಯ ಗಂಟೆಯಲ್ಲಿ, ಸೆಳೆತವೂ ನಿಂತ ನೀರೂ ಕೂಡುವ ಗೆರೆಯಲ್ಲಿ ಮೆದು ಪ್ಲಾಸ್ಟಿಕ್ ಮೀನನ್ನು ನಿಧಾನವಾಗಿ ಎಳೆಯುತ್ತಿದ್ದಾಗ ದಾರ ಒಮ್ಮೆಲೇ ಭಾರವಾಯಿತು. ದಡಕ್ಕೆ ತಂದ ಮೀನು ಇಪ್ಪತ್ತು ಇಂಚೂ ಇರಲಿಲ್ಲ. ಆದರೆ ಬಾಲದ ಬುಡದಲ್ಲಿ ಕಡಲ ಹೇನುಗಳು ಇನ್ನೂ ಅಂಟಿಕೊಂಡಿದ್ದವು. ಸಿಹಿನೀರಿನಲ್ಲಿ ಅವು ಬಹುಕಾಲ ಉಳಿಯುವುದಿಲ್ಲವಾದ್ದರಿಂದ, ಅದು ಚಳಿಗಾಲವನ್ನು ನದಿಯಲ್ಲೇ ಕಳೆದ ಮೀನಲ್ಲ, ಕಡಲಿನಿಂದ ಆಗಷ್ಟೇ ಬಂದದ್ದು ಎಂದು ತಿಳಿಯಿತು. ಮೂರು ವಸಂತಗಳಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

ಎರಡು ಕೊಲ್ಲಿಗಳನ್ನು ಕೂಡಿಸುವ ಕಾಲುವೆಯ ಸ್ವಭಾವವೇ ಬೇರೆ. ಕೇಪ್ ಕಾಡ್ ಬೇಯ ಉಬ್ಬರ ಬಝರ್ಡ್ಸ್ ಬೇಯ ಉಬ್ಬರಕ್ಕಿಂತ ಬಹಳ ಎತ್ತರ. ಈ ವ್ಯತ್ಯಾಸದಿಂದಾಗಿ ಸುಮಾರು 480 ಅಡಿ ಅಗಲದ ಕಾಲುವೆಯಲ್ಲಿ ನೀರು ಹೊಳೆಯಂತೆ ನುಗ್ಗಿ, ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಅಳಿವೆಯಲ್ಲಿ ಒಂದು ಔನ್ಸಿಗಿಂತ ಹಗುರವಾದ ಎರೆ ಸಾಕಾದರೆ, ಇಲ್ಲಿ ತಳ ಮುಟ್ಟಿಸಲು ಮೂರು-ನಾಲ್ಕು ಔನ್ಸ್ ಬೇಕು, ಅದಕ್ಕೆ ತಕ್ಕ ಗಟ್ಟಿ ಕೋಲೂ ಬೇಕು. ಪಾಚಿ ಹಿಡಿದ ಬಂಡೆಗಳ ಮೇಲೆ ಮೊಳೆಯ ಬೂಟುಗಳಿಲ್ಲದೆ ನಿಂತು ಒಮ್ಮೆ ಮೊಣಕಾಲು ತರಚಿಕೊಂಡಿದ್ದೇನೆ. ದೊಡ್ಡ ಮೀನು ಇಲ್ಲೇ ಸಿಗುತ್ತದೆ ಎಂಬುದು ನಿಜ, ಆದರೆ ಮೇ ಮೊದಲ ವಾರದಲ್ಲಿ ನಾಲ್ಕು ಮುಂಜಾನೆಗಳು ಎಸೆದು ಎಸೆದು ತೋಳು ಸೋತದ್ದೇ ನನಗೆ ದಕ್ಕಿದ್ದು.

ಹೊರ ಕೇಪ್‌ನ ದಂಡೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮೇ ಆರಂಭದಲ್ಲಿ ಅಲ್ಲಿನ ನೀರು ಕೊರೆಯುತ್ತದೆ, ಈಶಾನ್ಯದ ಗಾಳಿ ಎದ್ದರೆ ಎಸೆದ ಗಾಳ ಅರ್ಧಕ್ಕೇ ಬೀಳುತ್ತದೆ. ಜೂನ್‌ಗೆ ಮೊದಲು ಅಲ್ಲಿಗೆ ಹೋಗಬೇಡಿ.

ಎರೆಯ ವಿಚಾರದಲ್ಲಿ ಜೀವಂತ ಕಡಲ ಹುಳುವಿಗೆ ತಣ್ಣೀರಿನಲ್ಲೂ ಮೀನು ಬಾಯಿ ಹಾಕುತ್ತದೆ, ಸಂಖ್ಯೆಯಲ್ಲಿ ಅದೇ ಮುಂದು. ಆದರೂ ನನ್ನ ಆಯ್ಕೆ ಮೆದು ಪ್ಲಾಸ್ಟಿಕ್, ಏಕೆಂದರೆ ಹುಳುವನ್ನು ಮೀನು ನುಂಗಿಬಿಡುವ ಅಪಾಯವಿದೆ. ಅದಕ್ಕಾಗಿಯೇ ಸಹಜ ಎರೆಗೆ ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ, ಹೊಟ್ಟೆಗಿಂತ ಹೆಚ್ಚಾಗಿ ಬಾಯಂಚಿಗೆ ಸಿಕ್ಕುವ ಗಾಳ) ಕಡ್ಡಾಯವಾಗಿದೆ. 2023ರಿಂದ ದಿನಕ್ಕೆ ಒಂದೇ ಮೀನನ್ನು, ಅದೂ 28 ಇಂಚಿನಿಂದ 31 ಇಂಚಿನೊಳಗಿನದನ್ನು ಮಾತ್ರ ಇಟ್ಟುಕೊಳ್ಳಬಹುದಾದ್ದರಿಂದ, ಋತುವಿನ ಮೊದಲ ಮೀನುಗಳಲ್ಲಿ ಹೆಚ್ಚಿನವನ್ನು ನೀರಿಗೆ ಮರಳಿಸಲೇಬೇಕು. ಇಕ್ಕಳದಿಂದ ಗಾಳದ ಹಿಮ್ಮುಖ ಮುಳ್ಳನ್ನು ಮೊದಲೇ ಅಮುಕಿಟ್ಟರೆ ಬಿಡಿಸುವುದು ಕ್ಷಣದ ಕೆಲಸ.

ಕಾಲುವೆಯ ನೀರು 12 ಡಿಗ್ರಿ ದಾಟಿದ ದಿನ ನಾನು ಅಳಿವೆಯನ್ನು ಬಿಟ್ಟು ಅಲ್ಲಿಗೆ ಹೋಗುತ್ತೇನೆ. ನನ್ನ ಮೂರು ವಸಂತಗಳಲ್ಲಿ ಆ ದಿನ ಮೇ ಮೂರನೆಯ ವಾರಕ್ಕಿಂತ ಮುಂಚೆ ಬರಲಿಲ್ಲ.