.308 ರೈಫಲ್‌ನ ಹೆಡ್‌ಸ್ಪೇಸ್ ಗೇಜ್‌ಗಳು: ಆರು ವರ್ಷಗಳ ಬಳಕೆಯ ನಂತರ

ನಾನು ಕೊಂಡ ಹಳೆಯ .308 ವಿಂಚೆಸ್ಟರ್ ಬೇಟೆ ರೈಫಲ್‌ನ ಬೋಲ್ಟಿನ (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ) ಮೇಲಿದ್ದ ಸಂಖ್ಯೆ ರಿಸೀವರಿನ (ಬೋಲ್ಟ್ ಕೂರುವ ಚೌಕಟ್ಟು) ಸಂಖ್ಯೆಗೆ ಹೊಂದುತ್ತಿರಲಿಲ್ಲ. ಬೋಲ್ಟ್ ಬದಲಾಗಿದ್ದರೆ ಹೆಡ್‌ಸ್ಪೇಸ್ ಕೂಡ ಬದಲಾಗಿರಬಹುದೆಂಬ ಅನುಮಾನದಿಂದ ಗೋ, ನೋ-ಗೋ ಮತ್ತು ಫೀಲ್ಡ್ ಎಂಬ ಮೂರು ಗೇಜ್‌ಗಳ ಸೆಟ್ಟನ್ನು ತರಿಸಿಕೊಂಡೆ.

ಮುಚ್ಚಿದ ಬೋಲ್ಟಿನ ಮುಖದಿಂದ, ತೋಟಾ ಮುಂದೆ ಸರಿಯದಂತೆ ಚೇಂಬರು (ನಳಿಗೆಯಲ್ಲಿ ತೋಟಾ ಕೂರುವ ಕುಳಿ) ತಡೆಯುವ ಜಾಗದವರೆಗಿನ ಅಂತರವೇ ಹೆಡ್‌ಸ್ಪೇಸ್. .303 ಬ್ರಿಟಿಷ್‌ನಂತಹ ತೋಟಾಗಳಲ್ಲಿ ಬುಡದ ಅಂಚೇ ಆ ತಡೆ; .308ರಲ್ಲಿ ಕೇಸಿನ (ತೋಟಾದ ಹಿತ್ತಾಳೆ ಕೋಶ) ಭುಜದ, ಅಂದರೆ ಕತ್ತಿನ ಕಡೆಗೆ ಕಿರಿದಾಗುವ ಭಾಗದ, ಇಳಿಜಾರಿನಲ್ಲಿ, ವ್ಯಾಸ 0.400 ಇಂಚು ಇರುವ ಕಡೆಗೆ ಅದನ್ನು ಅಳೆಯುತ್ತಾರೆ. ನನ್ನ ಗೇಜ್‌ಗಳು ಕ್ರಮವಾಗಿ 1.630, 1.634 ಮತ್ತು 1.638 ಇಂಚು. ಬೋಲ್ಟ್ ಗೋ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು; ಫೀಲ್ಡ್ ಮೇಲೂ ಮುಚ್ಚಿದರೆ ರೈಫಲನ್ನು ಹಾರಿಸಬಾರದು. ಒಂದಕ್ಕೂ ಮತ್ತೊಂದಕ್ಕೂ ಇರುವ ವ್ಯತ್ಯಾಸ ಸುಮಾರು 0.1 ಮಿಲಿಮೀಟರ್ ಮಾತ್ರವಾದ್ದರಿಂದ, ಮೇಲೆ ಕೆತ್ತಿದ ಅಕ್ಷರಗಳನ್ನು ಓದದೆ ಯಾವುದು ಯಾವುದೆಂದು ಗುರುತಿಸಲಾಗದು.

ಮೊದಲ ಪರೀಕ್ಷೆಯಲ್ಲೇ ಎಡವಿದೆ. ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಎಜೆಕ್ಟರನ್ನು ಕಳಚದೆ ಗೋ ಗೇಜ್ ಹಾಕಿದ್ದರಿಂದ, ಅದರ ಸ್ಪ್ರಿಂಗಿನ ಒತ್ತಡವನ್ನೇ ಚೇಂಬರಿನ ಬಿಗಿತವೆಂದು ತಿಳಿದು ಒಂದು ವಾರ ಚಿಂತಿಸಿದೆ. ಫೈರಿಂಗ್ ಪಿನ್ ಮತ್ತು ಎಜೆಕ್ಟರ್ ಕಳಚಿ, ಚೇಂಬರನ್ನು ಒರೆಸಿ, ಹಿಡಿಯನ್ನು ಬೆರಳ ತುದಿಯಿಂದಷ್ಟೇ ಇಳಿಸಬೇಕೆಂಬ ಸೂಚನೆ ಪೆಟ್ಟಿಗೆಯ ಚೀಟಿಯಲ್ಲಿ ಇರಲೇ ಇಲ್ಲ. ಇದು ತಯಾರಕರ ಅಕ್ಷಮ್ಯ ಉದಾಸೀನ. ಸರಿಯಾಗಿ ಮಾಡಿದಾಗ ಗೋ ಮೇಲೆ ಬೋಲ್ಟ್ ಸಲೀಸಾಗಿ ಮುಚ್ಚಿತು, ನೋ-ಗೋ ಮೇಲೆ ಮುಚ್ಚಲಿಲ್ಲ. ರೈಫಲ್ ಸರಿಯಾಗಿಯೇ ಇತ್ತು.

ಆದರೂ ಮೂರನೆಯ ವರ್ಷ, ನಾನೇ ಮರುತುಂಬಿಸಿದ ತೋಟಾಗಳ ಕೇಸುಗಳಲ್ಲಿ ಬುಡಕ್ಕಿಂತ ತುಸು ಮೇಲೆ ಹೊಳೆಯುವ ಉಂಗುರ ಕಾಣಿಸಿಕೊಂಡಿತು. ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಇಳಿಸಿ ಎಳೆದರೆ ಅದೇ ಎತ್ತರದಲ್ಲಿ ಕೊರಕಲಿಗೆ ಸಿಕ್ಕಿಕೊಳ್ಳುತ್ತಿತ್ತು. ಕೇಸು ಅಲ್ಲಿಯೇ ಎರಡು ತುಂಡಾಗುವುದಕ್ಕೆ ಮುಂಚಿನ ಲಕ್ಷಣವಿದು. ಗೇಜ್‌ಗಳು ಹಿಂದಿನ ಉತ್ತರವನ್ನೇ ಕೊಟ್ಟವು, ಏಕೆಂದರೆ ದೋಷವಿದ್ದದ್ದು, ಹಾರಿಸಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ನನ್ನ ಡೈಯಲ್ಲಿ (ಅಚ್ಚಿನಲ್ಲಿ). ಅದನ್ನು ಅತಿಯಾಗಿ ಕೆಳಗಿಳಿಸಿ ಪ್ರತಿ ಸಲವೂ ಕೇಸಿನ ಭುಜವನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಹಾರಿಸಿದಾಗ ಕೇಸಿನ ತೆಳುವಾದ ಮುಂಭಾಗ ಚೇಂಬರಿನ ಗೋಡೆಗೆ ಕಚ್ಚಿಕೊಂಡು, ಬುಡ ಮಾತ್ರ ಬೋಲ್ಟಿನವರೆಗೆ ಹಿಂದೆ ಸರಿಯುವಾಗ ನಡುವಿನ ಹಿತ್ತಾಳೆ ಹಿಗ್ಗಿ ತೆಳುವಾಗುತ್ತಿತ್ತು. ಬುಡದಿಂದ ಭುಜದವರೆಗೆ ಅಳೆಯಲು ಕ್ಯಾಲಿಪರಿಗೆ ಸಿಕ್ಕಿಸುವ ಕಂಪ್ಯಾರೇಟರ್ ಕೊಂಡು, ಹಾರಿಸಿದ ಕೇಸಿನ ಭುಜವನ್ನು 0.002 ಇಂಚಿನಷ್ಟೇ ಹಿಂದೆ ಸರಿಸತೊಡಗಿದ ಮೇಲೆ ಉಂಗುರ ಮತ್ತೆ ಕಾಣಲಿಲ್ಲ.

ಗೇಜ್ ಹೌದು ಅಥವಾ ಇಲ್ಲ ಎನ್ನುತ್ತದೆಯೇ ಹೊರತು ಎಷ್ಟು ಎನ್ನುವುದಿಲ್ಲ. ಗೋ ಗೇಜಿನ ಬುಡಕ್ಕೆ ದಪ್ಪ ಅಳೆದ ಅಂಟುಪಟ್ಟಿಯನ್ನು ಪದರವಾಗಿ ಹಚ್ಚುತ್ತ, ಬೋಲ್ಟ್ ಎಲ್ಲಿ ತಡೆಯುತ್ತದೆಂದು ನೋಡಿದರೆ ಅಂದಾಜು ಸಿಗುತ್ತದೆ.

ಉಕ್ಕು ಗಟ್ಟಿಯಾಗಿದೆ, ಆದರೆ ಪೆಟ್ಟಿಗೆಯ ಫೋಮ್ ತೇವ ಹಿಡಿದು ನೋ-ಗೋ ಮೇಲೆ ತುಕ್ಕಿನ ಚುಕ್ಕೆ ಬಂದಿತು. ಈಗ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಡುತ್ತೇನೆ. ಕಾರ್ಖಾನೆಯ ತೋಟಾವನ್ನಷ್ಟೇ ಬಳಸುವ ಹೊಸ ರೈಫಲ್‌ನವರಿಗೆ ಈ ಸೆಟ್ ಬೇಕಿಲ್ಲ. ನಳಿಗೆ ಅಥವಾ ಬೋಲ್ಟ್ ಬದಲಿಸುವವರು ಒಂದೇ ತಯಾರಕರ ಗೋ ಮತ್ತು ನೋ-ಗೋ ಕೊಂಡರೆ ಸಾಕೆನ್ನಬಹುದು. ಫೀಲ್ಡ್ ಗೇಜನ್ನು ನಾನು ಬಳಸಿದ್ದು ಎರಡೇ ಸಲ. ಎರಡನೆಯ ಸಲ ಸ್ನೇಹಿತರೊಬ್ಬರ ರೈಫಲ್‌ನ ಬೋಲ್ಟ್ ಅದರ ಮೇಲೂ ನಿರಾಯಾಸವಾಗಿ ಮುಚ್ಚಿಕೊಂಡಿತು. ಆ ರೈಫಲ್ ಈಗ ಕೋವಿ ದುರಸ್ತಿಗಾರರ ಬಳಿ ಇದೆ.