ಮರ ಬಿದ್ದು ಪೆಟ್ಟಾದರೆ ಆಸ್ಪತ್ರೆಯಲ್ಲಿ ‘ಜಾರಿ ಬಿದ್ದದ್ದು’ ಎಂದು ಬರೆಸಲೇಬೇಡಿ

ಕುಮಟಾ ಕಡೆಯ ಒಳರಸ್ತೆಯಲ್ಲಿ ಸ್ಕೂಟರ್ ಮೇಲೆ ಹೋಗುತ್ತಿದ್ದವರ ಹೆಗಲಿಗೆ ಹಲಸಿನ ಟೊಂಗೆ ಬಿತ್ತು. ಮರ ಖಾಸಗಿ ಹಿತ್ತಲಿನದು. ಈಗ ಪೆಟ್ಟು ತಿಂದವರ ಮನೆಯವರಿಗೆ ಪರಿಹಾರ ಕೇಳುವ ದಾರಿಯನ್ನೇ ಮುಚ್ಚಿ ಇಟ್ಟಿದ್ದಾರೆ. ಮಳೆಗಾಲ ಬಂತೆಂದರೆ ಇದೇ ಆಟ, ಇದೇ ಕ್ರಮದಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಮರದ ಯಜಮಾನ ಆಸ್ಪತ್ರೆಗೇ ಬಂದ. “ತಂಗೀ, ಪೊಲೀಸು ಕೋರ್ಟು ಎಂತಕೆ? ಖರ್ಚು ನಂದು. ಡಾಕ್ಟರ್ ಹತ್ರ ಸ್ಕೂಟರ್ ಜಾರಿತು ಹೇಳಿ ಬರೆಸಿಬಿಡಿ.” ಒಂದೇ ಊರಿನವರು, ಗಾಯಾಳುವಿನ ಹೆಂಡತಿ ಹಾಗೆಯೇ ಬರೆಸಿದರು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂದು ಆಸ್ಪತ್ರೆ ಮಾಡುವ ದಾಖಲೆ) ಆಗಲಿಲ್ಲ, ಠಾಣೆಗೆ ಸುದ್ದಿ ಹೋಗಲಿಲ್ಲ. ಡಿಸ್ಚಾರ್ಜ್ ದಿನ ಬಾಂಡ್ ಪೇಪರ್ ಬಂತು. ಪ್ಲಾಸ್ಟರ್, ಔಷಧಿಯ ದುಡ್ಡು ಕೈಗೆ. ಕಾಗದದ ಕೊನೆಯ ಸಾಲು: “ಮುಂದೆ ಯಾವುದೇ ತಕರಾರು ಇರುವುದಿಲ್ಲ.” ಆ ಸಾಲನ್ನು ಯಾರೂ ಓದಿ ಹೇಳಲಿಲ್ಲ. ಪ್ರತಿಯನ್ನೂ ಕೊಡಲಿಲ್ಲ. ಆಮೇಲೆ ಕೈ ಎತ್ತಲಿಕ್ಕೇ ಆಗಲಿಲ್ಲ, ನರಕ್ಕೆ ಪೆಟ್ಟು, ಆಪರೇಶನ್ ಬೇಕು ಎಂದರು. ಫೋನ್ ಮಾಡಿದರೆ ಉತ್ತರ ಏನು ಗೊತ್ತೇ? “ಗಾಳಿಗೆ ಮರ ಬಿದ್ರೆ ನಾ ಎಂತ ಮಾಡೂದು? ದೇವ್ರ ಕೆಲಸ. ನೀವೇ ಸಹಿ ಹಾಕಿದ್ದೀರಲ್ಲ.” ಓದಿದ ಮನೆಯವರು, ಹೊರಗೆ ಹೇಳಿಕೊಳ್ಳಲೂ ನಾಚಿಕೆಪಡುತ್ತಿದ್ದಾರೆ. ನಾಚಬೇಕಾದವರು ಅವರಲ್ಲ.

‘ದೇವರ ಕೆಲಸ’ ಎಂಬ ವಾದ ಎಲ್ಲ ಮರಕ್ಕೂ ನಡೆಯುವುದಿಲ್ಲ. ಗಟ್ಟಿ ಮರ ಚಂಡಮಾರುತಕ್ಕೆ ಉರುಳಿದರೆ ಬೇರೆ ಮಾತು. ಒಳಗೆ ಟೊಳ್ಳಾಗಿ, ಬುಡದಲ್ಲಿ ಅಣಬೆ ಎದ್ದು, ರಸ್ತೆಗೆ ವಾಲಿದ ಮರವನ್ನು ನೋಡಿಯೂ ಬಿಟ್ಟರೆ ಅದು ನಿರ್ಲಕ್ಷ್ಯ. ದೆಹಲಿಯಲ್ಲಿ ಸ್ಕೂಟರ್ ಸವಾರನ ಮೇಲೆ ರಸ್ತೆಬದಿಯ ಮರದ ಟೊಂಗೆ ಬಿದ್ದು ಸತ್ತಾಗ ಮಹಾನಗರ ಪಾಲಿಕೆಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ.

ಆದರೆ ಸಾಕ್ಷಿ ಬೇಕು. ಇಲ್ಲಿ ಬೆಳಗಾಗುವಷ್ಟರಲ್ಲಿ ಗರಗಸ ಬಂದು ಟೊಂಗೆ ಕಟ್ಟಿಗೆಯಾಗಿತ್ತು! ಮುರಿದ ತುದಿಯ ಫೋಟೊ ಹತ್ತಿರದಿಂದ ತೆಗೆಯಿರಿ. ಗಟ್ಟಿ ಮರ ಮುರಿದರೆ ನಾರು ಸಿಗಿದು ನಿಲ್ಲುತ್ತದೆ. ಲಡ್ಡಾದದ್ದು, ಅಂದರೆ ಕೊಳೆತದ್ದು, ಕಪ್ಪಗೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬುಡ, ರಸ್ತೆ, ಬೇಲಿ ಮೂರೂ ಒಂದೇ ಚಿತ್ರದಲ್ಲಿ ಬರಲಿ. ಯಾಕೆಂದರೆ ಮುಂದಿನ ಸುಳ್ಳು “ಮರ ನಂದಲ್ಲ, ಫಾರೆಸ್ಟಿಂದು” ಎಂದು. ಆಗ ಪಹಣಿ ತೆಗೆಸಿ, ಹದ್ದುಬಸ್ತಿಗೆ (ಜಾಗದ ಗಡಿ ಅಳತೆಗೆ) ಅರ್ಜಿ ಹಾಕಿ.

“ಕಡಿಯಲು ಪರವಾನಗಿ ಸಿಗಲಿಲ್ಲ” ಎಂದರೆ ಅರ್ಜಿಯ ಪ್ರತಿ ಕೇಳಿ. ಜೀವಕ್ಕೆ ಅಪಾಯವಿರುವ ಮರಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲೇ ಅವಕಾಶವಿದೆ. ಈ ಮರದ ಯಜಮಾನ ಅರ್ಜಿಯನ್ನೇ ಹಾಕಿರಲಿಲ್ಲ.

ಬೀಳುವ ಮೊದಲೇ ವಾಲಿದ ಮರ ಕಂಡರೆ ಪಂಚಾಯ್ತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾಯಿದೆ) ಕಲಂ 152ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಅಂಥ ಮರ ತೆಗೆಸಲು ಆದೇಶಿಸಬಹುದು. ನಾಳೆ “ನಮಗೆ ಗೊತ್ತಿರಲಿಲ್ಲ” ಎನ್ನುವವರ ಬಾಯಿ ಮುಚ್ಚಿಸುವುದು ಆ ಮುದ್ರೆಯೇ.

ಸಹಿ ಹಾಕಿಯಾಗಿದ್ದರೆ? ವಂಚಿಸಿ ಪಡೆದ ಒಪ್ಪಿಗೆಯನ್ನು ಕೋರ್ಟಿನಲ್ಲಿ ರದ್ದು ಮಾಡಿಸಲು ಬರುತ್ತದೆ, ಆದರೆ ವಂಚನೆ ಸಾಬೀತು ಮಾಡುವ ಹೊರೆ ನಿಮ್ಮದೇ. ಗಾಯ ಪೂರ್ತಿ ತಿಳಿಯುವ ಮೊದಲು ಯಾವ ಕಾಗದಕ್ಕೂ ಸಹಿ ಬೇಡ, ಬೇಡವೇ ಬೇಡ. ಮಹಿಳೆಯರಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಕಾರವಾರದ ಎಸ್‌ಪಿ ಕಚೇರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.